ಎಂಬತ್ತರ ಮೇಲೆ ಹೋಗಬೇಡಿ

ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ ಬಂದೆ. ಕೊಟ್ಟಿಗೆ ಬಾಚಿದೆ. ಅಂಗಳ ಗುಡಿಸಿ, ಅವಸರದಲ್ಲಿ ಒಂದು ಸಣ್ಣ ರಂಗೋಲಿ ಎಳೆದೆ. ಅತ್ತೆಯ ಬಲಗಣ್ಣಿಗೆ ಔಷಧಿಯ ಹನಿ ಬಿಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಿ ಎಂದೆ, ಅವರು ಮುಚ್ಚಲಿಲ್ಲ, ಮತ್ತೆ ಹೇಳಿದೆ. ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ಆಸ್ಪತ್ರೆಯ ಚೀಟಿಗಳನ್ನು ಚೀಲಕ್ಕೆ ಹಾಕಿದೆ. ಒಲೆಯ ಮೇಲೆ ಹಾಲಿಟ್ಟು ಹೊರಗೆ ಓಡಿ, ಎಂಬತ್ತಕ್ಕೆ ಬಂದಿದ್ದ ಕಾರಿನ ಚಾರ್ಜರ್ ಕಿತ್ತೆ. ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕಿತ್ತು. ಒಲೆ ಒರೆಸಿದೆ.

ಚಾರ್ಜರ್ ಕೀಳುವುದು, ಒಲೆ ಒರೆಸುವುದು, ಇವೆರಡೂ ಕರೆಂಟಿನ ಕಾರು ಬಂದ ಮೇಲೆ ನನ್ನ ಪಾಲಿಗೆ ಸೇರಿಕೊಂಡ ಕೆಲಸಗಳು. ಬ್ಯಾಟರಿ ಚಾರ್ಜು ಎಂಬತ್ತು ಪರ್ಸೆಂಟ್ ದಾಟಬಾರದು ಎಂದು ಕಾರು ಕೊಟ್ಟವರೇ ಹೇಳಿದ್ದಾರೆಂದು ನಮ್ಮ ಯಜಮಾನರು ಮೊದಲ ದಿನವೇ ಮನೆಯಲ್ಲಿ ಸಾರಿದ್ದರು. ದಾಟಿದರೆ ಬ್ಯಾಟರಿ ಕೆಡುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ ಎಂದು ಹೆದರಿಸಿದ್ದರು. ಸರಿ, ಅವರು ಎದ್ದಿರುವುದಿಲ್ಲ, ಎದ್ದಿರುವವಳು ನಾನು. ರಾಗಿ ಹಿಟ್ಟಿನ ಕೈಯಲ್ಲಿ, ಸೋಪಿನ ಕೈಯಲ್ಲಿ, ಒಮ್ಮೆ ತಲೆಗೆ ಎಣ್ಣೆ ಹಚ್ಚಿಕೊಂಡೇ ಓಡಿ ಕಿತ್ತಿದ್ದೇನೆ. ನಮ್ಮ ಹಸು ಕರು ಹಾಕುವ ದಿನ ಕೂಡ, ಕರುವಿನ ಕಾಲು ಕಾಣುತ್ತಿದ್ದಾಗ, "ಎಂಬತ್ತಾಯ್ತೇನೋ ನೋಡೇ" ಎಂದು ಒಳಗಿನಿಂದ ಕೂಗಿದ ಮನುಷ್ಯ ಇವರು.

ಇಷ್ಟು ಜೋಪಾನ ಮಾಡಿದರೂ ಕಾರು ಸೊರಗುತ್ತಲೇ ಹೋಯಿತು. ಬಂದ ಹೊಸದರಲ್ಲಿ ಎಂಬತ್ತಕ್ಕೆ ನಿಲ್ಲಿಸಿದರೆ ಇನ್ನೂರು ಕಿಲೋಮೀಟರ್ ಓಡುತ್ತೇನೆ ಎನ್ನುತ್ತಿತ್ತು. ಬರಬರುತ್ತಾ ನೂರ ಎಪ್ಪತ್ತು, ನೂರ ಐವತ್ತು. ಆ ಬೆಳಿಗ್ಗೆ ನೂರ ಮೂವತ್ತು. ತಗೊಂಡು ಎರಡು ವರ್ಷವೂ ತುಂಬಿರಲಿಲ್ಲ.

ಅದನ್ನು ತಗೊಂಡದ್ದೇ ಅತ್ತೆಯ ಕಣ್ಣಿಗಾಗಿ. ಸಕ್ಕರೆ ಕಾಯಿಲೆ ಅವರ ಬಲಗಣ್ಣಿಗೆ ಇಳಿದಿತ್ತು. ನೋಟದ ಸುತ್ತಲೂ ಕಾಣುತ್ತದೆ, ನಟ್ಟನಡುವೆ ಕಾಣುವುದಿಲ್ಲ. "ನಿನ್ ಮುಖದಾಗೆ ಕಿವಿ ಎರಡೂ ಕಾಣ್ತವೆ ಕಣಮ್ಮ, ಮೂಗು ಒಂದೇ ಇಲ್ಲ" ಎನ್ನುತ್ತಿದ್ದರು. ಎಡಗಣ್ಣು ಮೊದಲೇ ಹೋಗಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ ಕಣ್ಣಿಗೇ ಇಂಜೆಕ್ಷನ್ ಕೊಡಬೇಕು. ಮೊದಲ ಸಲ ಬಂಗಾರಪೇಟೆಯಲ್ಲಿ ರೈಲು ಹತ್ತಿ ಹೋಗಿದ್ದೆವು. ನಿಲ್ಲಲೂ ಜಾಗವಿಲ್ಲದ ನೂಕುನುಗ್ಗಲಿನಲ್ಲಿ ಯಾರದೋ ಮೊಣಕೈ ಅವರ ಕೆನ್ನೆಗೆ, ಕಣ್ಣಿನ ಪಕ್ಕದಲ್ಲೇ ಬಡಿಯಿತು. ಇನ್ನು ರೈಲು ಹತ್ತುವುದಿಲ್ಲ ಎಂದು ಅತ್ತೆ ಹಠ ಹಿಡಿದರು. ಯಜಮಾನರಿಗೆ ಕಾರು ಕೊಳ್ಳಲು ಅಷ್ಟು ನೆಪ ಸಾಕಾಯಿತು.

ಹಿಂದಿನ ತಿಂಗಳು ಅದೇ ಕಾರು ನಮ್ಮನ್ನು ಅರ್ಧದಾರಿಯಲ್ಲಿ ಕೈಬಿಟ್ಟಿತ್ತು. ಹೊಸಕೋಟೆ ಮುಟ್ಟುವ ಮೊದಲೇ ಮೀಟರು ಇಳಿದುಹೋಗಿ, ದಾರಿಯಲ್ಲಿದ್ದ ಒಂದು ಚಾರ್ಜಿಂಗ್ ಜಾಗ ಕೆಟ್ಟಿದ್ದು, ಇನ್ನೊಂದರಲ್ಲಿ ಸಾಲು ನಿಂತಿದ್ದು, ಯಜಮಾನರು ಗಾಬರಿಯಾಗಿ ಗಾಡಿ ತಿರುಗಿಸಿದರು. ಇಂಜೆಕ್ಷನ್ ತಪ್ಪಿತು. ಡಾಕ್ಟರಮ್ಮ ಫೋನಿನಲ್ಲಿ ನನ್ನನ್ನೇ ಬೈದರು. ಈ ಸಲವೂ ತಪ್ಪಿಸಿದರೆ ಉಳಿದಿರುವ ನೋಟವೂ ಉಳಿಯುವುದಿಲ್ಲ ಎಂದರು.

ಹಾಗಾಗಿ ಆ ದಿನ ಬೆಂಗಳೂರಿಗೆ ಹೋಗಬೇಕಾದ ನಾವು, ಬೆಂಗಳೂರಿಗೆ ಬೆನ್ನು ತಿರುಗಿಸಿ ಕೆ.ಜಿ.ಎಫ್. ಕಡೆಗೆ ಹೊರಟೆವು. ಕಾರು ಕೊಟ್ಟವರ ಸರ್ವೀಸ್ ಶೆಡ್ಡು ಇರುವುದು ಅಲ್ಲಿ. ಬೇಗ ಚಾರ್ಜ್ ಮಾಡುವ ಮಿಷನ್ನೂ ಅಲ್ಲೇ ಇದೆ. ಸ್ವಲ್ಪ ಹಾಕಿಸಿಕೊಂಡು, ಹಾಗೇ ನಾಲ್ಕು ಮಾತು ಕೇಳಿ ಹೋಗೋಣ ಎನ್ನುವುದು ಯಜಮಾನರ ಲೆಕ್ಕ. ದಾರಿಯುದ್ದಕ್ಕೂ ಆ ನಾಲ್ಕು ಮಾತುಗಳನ್ನು ಗಟ್ಟಿಯಾಗಿ ಅಭ್ಯಾಸ ಮಾಡಿಕೊಂಡೇ ಓಡಿಸಿದರು.

ಹೋಗಿ ನೋಡಿದರೆ ಮಿಷನ್ನಿಗೆ ಒಂದು ಟ್ಯಾಕ್ಸಿ ಸಿಕ್ಕಿಸಿದ್ದರು, ಅದರ ಹಿಂದೆ ಇನ್ನೊಂದು ಕಾಯುತ್ತಿತ್ತು. ನಮಗೆ ಕಾರು ಕೈಗಿತ್ತಿದ್ದ ಮೆಕ್ಯಾನಿಕ್ಕೇ ಹೊರಗೆ ಬಂದರು. ನಲವತ್ತು ದಾಟಿದ, ನಿದ್ದೆಗೆಟ್ಟ ಮುಖದ ಮನುಷ್ಯ. ಅತ್ತೆ ಹಿಂದಿನ ಸೀಟಿನಲ್ಲಿ ಕಿಟಕಿ ಇಳಿಸಿಕೊಂಡು ಕೂತಿದ್ದರು. ನಾನು ಇಳಿದು ನಿಂತೆ.

"ಎರಡು ವರ್ಷ ಆಗಿಲ್ಲ, ಇನ್ನೂರು ತೋರಿಸ್ತಿದ್ದಿದ್ದು ನೂರ ಮೂವತ್ತಕ್ಕೆ ಬಂದದೆ. ಬ್ಯಾಟರಿ ಓಗ್ಬಿಟ್ಟದೆ ಅಂತ ಒಪ್ಕೊಂಡ್ಬಿಡಿ" ಎಂದರು ಯಜಮಾನರು.

"ಫುಲ್ ಚಾರ್ಜಿಗೆ ಎಷ್ಟು ತೋರಿಸ್ತದೆ ಸಾರ್?"

"ಫುಲ್ ಯಾಕ್ ಮಾಡ್ಲಿ? ನೀವು ಏಳಿದಂಗೇ ಎಂಬತ್ತಕ್ಕೆ ನಿಲ್ಲಿಸ್ತೀವಿ. ಒಂದಿನಾನೂ ದಾಟಿಸಿಲ್ಲ. ಬೇಕಾರೆ ನಮ್ಮ ಮನೆಯವಳನ್ನ ಕೇಳಿ."

"ನಾನ್ ಹೇಳಿದ್ನಾ?"

"ನೀವೇ! ಇದೇ ಜಾಗದಾಗೆ ನಿಂತ್ಕೊಂಡು, ಎಂಬತ್ತರ ಮೇಲೆ ಓಗ್ಬೇಡಿ, ರೇಂಜ್ ಕಮ್ಮಿ ಆಗ್ತದೆ ಅಂದ್ರಲ್ಲ."

ಮೆಕ್ಯಾನಿಕ್ ಹುಬ್ಬು ಗಂಟಿಕ್ಕಿ ನಿಂತರು. ಆಮೇಲೆ ಹಣೆ ಚಚ್ಚಿಕೊಂಡರು. "ಅಯ್ಯೋ ಸಾರ್! ನಾನು ಎಲ್ಲಾರ್ಗೂ ಹೇಳೋದು ಒಂದೇ ಮಾತು. ಅಂಬದುಕ್ಕು ಮೇಲೆ ಪೋಗಾದೀಂಗ. ಸ್ಪೀಡು ಸಾರ್, ಸ್ಪೀಡು! ಚಾರ್ಜು ಯಾರ್ ಹೇಳಿದ್ದು?"

ಕಾರಿನೊಳಗಿಂದ ಅತ್ತೆಯ ನಗು ಕೇಳಿಸಿತು. ಇದೇ ಕೆ.ಜಿ.ಎಫ್.ನ ಊರಿಗಾಂನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯಲ್ಲಿ, ಸುತ್ತ ತಮಿಳಿನವರ ನಡುವೆ ಹುಟ್ಟಿ ಬೆಳೆದವರು ಅವರು. "ಅಂಬದು ಅಂದ್ರೆ ಐವತ್ತು ಕಣ್ಲಾ! ಎಂಬತ್ತಲ್ಲ! ತಮಿಳು ಬತ್ತದೆ, ತಮಿಳು ಬತ್ತದೆ ಅಂತ ಊರೆಲ್ಲಾ ಏಳ್ಕೊಂಡು ತಿರುಗ್ತೀಯಲ್ಲಲಾ!"

"ನೀನ್ ಸುಮ್ಕಿರಮ್ಮ."

"ಐವತ್ತರಾಗೆ ಓಡ್ಸು ಅಂದ್ರೆ ಎಂಬತ್ತರಾಗೆ ಓಡ್ಸವ್ನೆ. ಒಟ್ಟೆ ತುಂಬಾ ಆಕೋದ್ ಬಿಟ್ಟು ಅರೆಒಟ್ಟೇಲೇ ಮಲಗ್ಸವ್ನೆ. ಪಾಪ, ಗಾಡಿ ಏನ್ ಮಾಡ್ತದೆ?"

ನಮ್ಮ ಕಡೆ ಒಂದು ಅಭ್ಯಾಸವಿದೆ. ಕೆ.ಜಿ.ಎಫ್.ಗೆ ಹೋದರೆ ಅವರು ತಮಿಳಿನಲ್ಲಿ ಹೇಳುತ್ತಾರೆ, ನಾವು ಕನ್ನಡದಲ್ಲಿ ಕೇಳುತ್ತೇವೆ, ನಡುವೆ ತೆಲುಗು ಬಂದು ಹೋಗುತ್ತದೆ. ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ತಲೆಯಾಡಿಸುತ್ತಾರೆ. ನಮ್ಮವರು ಎಲ್ಲರಿಗಿಂತ ಹೆಚ್ಚು ಆಡಿಸುತ್ತಾರೆ. 'ಮೇಲೆ' ಎನ್ನುವುದು ಎರಡು ಭಾಷೆಯಲ್ಲೂ ಒಂದೇ, 'ಪೋಗಾದೀಂಗ' ಅಂದರೆ ಹೋಗಬೇಡಿ ಎಂದು ಗೊತ್ತು, ಉಳಿದದ್ದನ್ನು ಅವರೇ ತುಂಬಿಕೊಂಡಿದ್ದರು. ಮೊಬೈಲನ್ನು ಎಂಬತ್ತಕ್ಕೆ ನಿಲ್ಲಿಸಬೇಕೆಂದು ಎಲ್ಲೋ ಕೇಳಿದ್ದರಂತೆ, ಅದೂ ಇದಕ್ಕೆ ಬಂದು ಅಂಟಿಕೊಂಡಿತ್ತು.

"ಅಂಗಾದ್ರೆ ನಾನು ದಿನಾ ಓಡೋಡಿ ಕಿತ್ತಿದ್ದು?" ಎಂದು ಕೇಳಿದೆ. ಇಬ್ಬರು ಗಂಡಸರೂ ಟ್ಯಾಕ್ಸಿಯ ಕಡೆ ನೋಡಿದರು.

ಮೆಕ್ಯಾನಿಕ್ ಮೀಟರು ನೋಡಿ ಬಿಡಿಸಿ ಹೇಳಿದರು. ಈ ಜಾತಿಯ ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಲೇಬೇಕು. ಇಲ್ಲದಿದ್ದರೆ ತನ್ನ ಹೊಟ್ಟೆ ಎಷ್ಟು ದೊಡ್ಡದೆನ್ನುವುದು ಅದಕ್ಕೇ ಮರೆತುಹೋಗಿ ಮೀಟರು ತಪ್ಪು ತೋರಿಸುತ್ತದೆ. ಸಂಜೆಯವರೆಗೆ ಇಲ್ಲೇ ಬಿಟ್ಟು ನಿಧಾನವಾಗಿ ತುಂಬಿಸಿದರೆ ಒಂದಷ್ಟು ವಾಪಸ್ ಬರುತ್ತದೆ. "ಪೂರ್ತಿ ಬರಲ್ಲ ಸಾರ್. ಎಂಬತ್ತರಲ್ಲಿ ಓಡಿಸಿದ್ರೆ ಇನ್ನೂ ಬರಲ್ಲ."

"ಸಂಜೆಯವರೆಗಾ?" ಎಂದೆ. "ಮಧ್ಯಾಹ್ನಕ್ಕೆ ಆಸ್ಪತ್ರೇಲಿರ್ಬೇಕು."

ಯಜಮಾನರು ಕಾರಿನ ಬಾನೆಟ್ ಸವರುತ್ತಾ, "ಮುಂದಿನ ವಾರಕ್ಕೆ ಡೇಟ್ ಕೇಳಿದ್ರೆ ಕೊಡ್ತಾರೆ ಕಣೆ" ಎಂದರು.

ನಾನು ಹೆಚ್ಚು ಕೂಗಾಡುವವಳಲ್ಲ. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಮಾತಾಡಿದರು. ನಗು ನಿಂತುಹೋಗಿತ್ತು. "ಆಗ್ಲಿ ಬಿಡಮ್ಮ. ಒಂದ್ ವಾರ ತಾನೆ. ಮೂಗ್ ಕಾಣ್ದಿದ್ರೆ ಏನಾಯ್ತು, ದನಿ ಗುರ್ತು ಇಡೀತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಆಗ್ಲಿ ಬಿಡು' ನನಗೆ ತಡೆಯಲಾಗಲಿಲ್ಲ.

"ನೀವು ನಿಮ್ ಕಾರ್ ಜೊತೆ ಇರ್ರಿ" ಎಂದು ಯಜಮಾನರಿಗೆ ಹೇಳಿ, ಚೀಲ, ಡಬ್ಬಿ ಇಳಿಸಿಕೊಂಡೆ. "ಅತ್ತೆ, ಇಳೀರಿ. ರೈಲಿಗೆ ಓಗೋಣ."

"ರೈಲು ಬ್ಯಾಡ ಕಣಮ್ಮ. ಮೊಣಕೈ."

"ಊರಿಗಾಂನಲ್ಲಿ ಅತ್ತೋಣ. ಬಂಗಾರಪೇಟೆಯಲ್ಲಿ ಬೇಡ."

ಅತ್ತೆ ಒಂದು ಗಳಿಗೆ ಯೋಚಿಸಿದರು. ರೈಲು ಹೊರಡುವುದು ಮಾರಿಕುಪ್ಪಂನಿಂದ. ಊರಿಗಾಂಗೆ ಬರುವಾಗ ಇನ್ನೂ ಖಾಲಿಯಿರುತ್ತದೆ. ಜನ ಮುತ್ತುವುದು ಬಂಗಾರಪೇಟೆಯಲ್ಲಿ. ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. "ಕಿಟಕಿ ಸೀಟು?" ಎಂದರು. "ಕಿಟಕಿ ಸೀಟೇ" ಎಂದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದರು.

ಯಜಮಾನರು ಆಟೋ ಕೂಗಿ ಕೊಟ್ಟರು, ಅಷ್ಟಾದರೂ ಮಾಡಿದರು. ರೈಲಿನಲ್ಲಿ ಅತ್ತೆಯನ್ನು ಕಿಟಕಿಗೆ ಕೂರಿಸಿ, ಪಕ್ಕದಲ್ಲಿ ನಾನು ಗೋಡೆಯ ಹಾಗೆ ಕೂತೆ. ಬಂಗಾರಪೇಟೆಯಲ್ಲಿ ಜನ ನುಗ್ಗಿದರು. ಒಬ್ಬ ಮೈಮೇಲೆ ಬಾಗಿದಾಗ ಅತ್ತೆ ಅಚ್ಚ ತಮಿಳಿನಲ್ಲಿ ಏನೋ ಅಂದರು. ಅವನು ಸರಕ್ಕನೆ ನೆಟ್ಟಗಾದ. ಏನಂದಿರಿ ಎಂದು ಕೇಳಿದೆ. "ನಿನ್ ಗಂಡನ್ನ ಕೇಳು, ಅವ್ನಿಗೆ ಬತ್ತದಲ್ಲ" ಎಂದರು.

ಆಸ್ಪತ್ರೆಗೆ ಒಂದಿಷ್ಟು ತಡವಾಗಿ ಮುಟ್ಟಿದರೂ ಇಂಜೆಕ್ಷನ್ ಸಿಕ್ಕಿತು. ಡಾಕ್ಟರಮ್ಮ ಕಣ್ಣು ನೋಡಿ, ತಪ್ಪಿದ್ದರಿಂದ ಸ್ವಲ್ಪ ಹಿಂದೆ ಬಿದ್ದಿದೆ, ಕೈಮೀರಿಲ್ಲ, ಇನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ ಎಂದರು. ಈ ಮಾತನ್ನು ಅವರು ಕನ್ನಡದಲ್ಲೇ ಹೇಳಿದರು. ಆದರೂ ನಾನು ಎರಡು ಸಲ ಕೇಳಿಸಿಕೊಂಡೆ.

ವಾಪಸ್ ಬರುವಾಗ ಕತ್ತಲಾಗಿತ್ತು. ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಯಜಮಾನರು ಕಾರು ತಂದು ನಿಲ್ಲಿಸಿಕೊಂಡಿದ್ದರು. ಅಮ್ಮನ ಕಣ್ಣಿನ ಪಟ್ಟಿ ನೋಡಿ, "ಆಯ್ತಾ?" ಎಂದು ಕೇಳಿ ಕಾರಿನ ಬಾಗಿಲು ತೆಗೆದರು. ಆಮೇಲೆ ತಡೆಯಲಾರದೆ ಮೀಟರಿನ ಸುದ್ದಿ ತೆಗೆದರು: ಪೂರ್ತಿ ತುಂಬಿಸಿದ್ದಕ್ಕೆ ಇನ್ನೂರು ತೋರಿಸಿದೆಯಂತೆ. ಹೊಸದರಲ್ಲಿ ಎಂಬತ್ತಕ್ಕೇ ಇನ್ನೂರು ತೋರಿಸುತ್ತಿತ್ತಲ್ಲ ಎಂದೆ. "ಮೂರ್ನಾಲ್ಕು ಸಲ ತುಂಬ್ಸಿದ್ರೆ ಇನ್ನೂ ಏರ್ತದಂತೆ" ಎಂದರು. ಏರಲಿ. ಮುಂದಿನ ತಿಂಗಳು ಊರಿಗಾಂನಿಂದ ರೈಲಿಗೇ ಹೋಗುವುದು ಎಂದು ಅತ್ತೆ, ನಾನು ಬರುವಾಗಲೇ ಮಾತಾಡಿಕೊಂಡಿದ್ದೆವು. ಅದನ್ನು ಆಗಲೇ ಹೇಳಲಿಲ್ಲ.

ಮನೆಯವರೆಗೂ ಐವತ್ತರಲ್ಲೇ ಓಡಿಸಿದರು. ಹಿಂದಿನ ಟಿಪ್ಪರ್ ಲಾರಿಯವನು ಹಾರನ್ ಮೇಲಿಟ್ಟ ಕೈ ತೆಗೆಯಲೇ ಇಲ್ಲ.

ಬಂಗಾರಪೇಟೆಯಿಂದ ಹೊರಡುವ ಮೊದಲು ಅತ್ತೆ ಕೇಳಿದರೆಂದು ಪಾನಿಪುರಿ ತಿಂದಿದ್ದೆವು, ತಲಾ ಒಂದು ಪ್ಲೇಟು, ಅತ್ತೆ ಎರಡು. ಸಕ್ಕರೆ ಕಾಯಿಲೆಯವರಿಗೆ ಬೇಡವೆಂದರೆ ಪಟ್ಟಿ ಕಟ್ಟಿದ ಕಣ್ಣು ನನ್ನ ಕಡೆ ತಿರುಗಿಸಿ, ಕೇಳಿಸದವರ ಹಾಗೆ ತಿಂದರು. ಮನೆಗೆ ಬಂದು ಬಿಸಿ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಪ್ಪಿನಕಾಯಿ ನಂಜಿಕೊಂಡೆವು. ಮೊದಲು ನಿದ್ದೆ ಹೋದವರು ಅತ್ತೆ, ಪಟ್ಟಿಯ ಮೇಲೆ ಅಂಗೈ ಮುಚ್ಚಿಕೊಂಡು. ಒತ್ತಬಾರದು ಎಂದು ಡಾಕ್ಟರಮ್ಮ ಹೇಳಿದ್ದರಲ್ಲ, ಆ ಕೈಯನ್ನು ತೆಗೆದು ಪಕ್ಕಕ್ಕಿಟ್ಟು, ನಾನೂ ಮಲಗಿದೆ.