ಪೇಪರಿಗೆ ಹೋದ ಶೇಂಗಾ ಹಿಂಡಿ

ನನ್ನ ಮೊಮ್ಮಗಳು ರೇಣುಕಾ ಸೊಲ್ಲಾಪುರದ ಕುಸ್ತಿಯಲ್ಲಿ ಚಿನ್ನದ ಪದಕ ಗೆದ್ದಳು! ಹೆಸರನ್ನು ಮೊದಲೇ ಬರೆದಿದ್ದೇನೆ, ಯಾಕೆಂದು ಆಮೇಲೆ ನಿಮಗೇ ತಿಳಿಯುತ್ತದೆ.

ಮರುದಿನ ಅವಳ ಬಗ್ಗೆ ಬರೆಯಲೆಂದು ಒಬ್ಬ ಹಿರಿಯ ಕ್ರೀಡಾ ಪತ್ರಕರ್ತರು ತಡವಳದ ನಮ್ಮ ಮನೆಗೆ ಬಂದರು. ಪೇಪರಿನಲ್ಲಿ ಹೆಸರು ಬರುತ್ತದೆಂದು ರೇಣುಕಾ ಪದಕ ಹಾಕಿಕೊಂಡು ಅವರ ಎದುರಿಗೇ ಕೂತಳು. ನಾನು ರೊಟ್ಟಿ, ಶೇಂಗಾ ಹಿಂಡಿ, ಅಂದರೆ ನಾನೇ ಕುಟ್ಟಿದ ಶೇಂಗಾ ಚಟ್ನಿಪುಡಿ, ಬಡಿಸಿದೆ. ಅವರು ಉಣ್ಣುತ್ತಾ ತಮ್ಮ ನೆನಪಿನ ಗಂಟು ಬಿಚ್ಚಿದರು. ಯಾವ ದೊಡ್ಡ ಪೈಲ್ವಾನ ಗೆದ್ದರೂ ಮೊದಲು ಓಡಿ ಬಂದು ಇವರನ್ನೇ ಅಪ್ಪಿಕೊಳ್ಳುತ್ತಿದ್ದನಂತೆ. ಒಬ್ಬ ಕ್ರಿಕೆಟ್ ಆಟಗಾರನಂತೂ ಇವರನ್ನು ಕೇಳದೆ ಬ್ಯಾಟನ್ನೇ ಮುಟ್ಟುತ್ತಿರಲಿಲ್ಲವಂತೆ.

"ಸಾಹೇಬ್ರ, ನಮ್ಮ ಹುಡುಗೀನೂ ಗೆದ್ದಾಳ್ರಿ. ಅಕೀನ್ನೂ ಒಂದ್ ಮಾತ ಕೇಳ್ರಿ," ಎಂದೆ.

"ಕೇಳ್ತೀನಿ ಆಯಿ, ಮೊದ್ಲ ಇನ್ನಷ್ಟು ಹಿಂಡಿ ಹಾಕ್ರಿ."

ಭಾನುವಾರ ಅವರ ಮರಾಠಿ ಪೇಪರ್ ಬಂತು. ರೇಣುಕಾಳೇ ಓದಿ ಹೇಳಿದಳು. ಪುಟದ ತುಂಬ ಅವರದೇ ನೆನಪು. ಕೊನೆಗೆ, ಇಂಥ ಶೇಂಗಾ ಹಿಂಡಿಯನ್ನು ತಾವು ಯಾವ ಊರಲ್ಲೂ ಉಂಡಿಲ್ಲವೆಂದು ನನ್ನ ಹೆಸರು ಹಾಕಿ ಬರೆದಿದ್ದರು. ರೇಣುಕಾಳ ಹೆಸರು ಎಲ್ಲೂ ಇರಲಿಲ್ಲ. ನನಗೆ ಅವಳ ಮುಖ ನೋಡುವುದೇ ಕಷ್ಟವಾಯಿತು. ಅವಳೋ ಬಿದ್ದು ಬಿದ್ದು ನಕ್ಕಳು.

"ಆಯಿ, ಕುಸ್ತಿ ನಾ ಗೆದ್ದೆ, ಪೇಪರ್ ನೀ ಗೆದ್ದಿ ನೋಡು!"

ಆ ಸಂಜೆ ಮನೆಯವರೆಲ್ಲ ಒಟ್ಟಿಗೆ ಉಣ್ಣಲು ಕೂತೆವು. ರೇಣುಕಾ ತನ್ನ ಪದಕ ತೆಗೆದು ಹಿಂಡಿಯ ಡಬ್ಬಿಗೆ ಹಾಕಿದಳು. ನಾನು ಅದನ್ನು ಮತ್ತೆ ಅವಳ ಕೊರಳಿಗೇ ಹಾಕಿ, ಎಲ್ಲರಿಗಿಂತ ಮೊದಲು ಅವಳ ತಾಟಿಗೆ ಹಿಂಡಿ ಬಡಿಸಿದೆ.