ಕಾಸ್ಟೋಕಾಂಡ್ರೈಟಿಸ್ ಒಡಪು

ಭದ್ರಾವತಿಯ ಮುರುಗೇಶಪ್ಪನವರು ಆಯುಷ್ಯವೆಲ್ಲ ಕಾರ್ಖಾನೆಯಲ್ಲಿ ದುಡಿದರೂ ಜನ ಅವರನ್ನು ಗುರುತಿಸುತ್ತಿದ್ದುದು ವೀರಗಾಸೆಯ ಒಡಪಿನಿಂದ. ನೆಂಟರ ಮನೆಯ ಮದುವೆಗೆ ಮುಂಚೆ ಬೆಂಕಿಯ ಕೊಡ ಹಿಡಿದು ಸಾಗುವ ಗುಗ್ಗಳದ ಮೆರವಣಿಗೆ ಹೊರಡಬೇಕಾದರೆ ಅವರು ಕತ್ತಿ ಹಿರಿದು ನಿಲ್ಲಬೇಕು. ವೀರಭದ್ರನ ಕಥೆಯನ್ನು ಒಡಪು ಕಟ್ಟಿ ಹೇಳಿ "ಅಹಹಾ ರುದ್ರಾ!" ಎಂದು ಕೂಗಬೇಕು. ಆ ಕೂಗಿಗೇ ಸಮಾಳದ ಮೇಲೆ ಪೆಟ್ಟು ಬೀಳುವುದು, ಆ ಪೆಟ್ಟಿಗೇ ಮೆರವಣಿಗೆ ಏಳುವುದು.

ತಮ್ಮನ ಮಗಳು ಸುಮನಾಳ ಮದುವೆ ಹತ್ತಿರ ಬಂದಾಗಲೇ ಅವರ ಎದೆ ನೋಯತೊಡಗಿತು. ಹೆಂಡತಿ ಜಯಶೀಲಾ ಚರ್ಚೆಗೇ ಎಡೆ ಕೊಡದೆ ಶಿವಮೊಗ್ಗಕ್ಕೆ ಕರೆತಂದರು.

ವಿನೋಬನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರ್ ವಿದ್ಯಾಶ್ರೀ ಇಸಿಜಿ ನೋಡಿದರು, ಎದೆಮೂಳೆಯ ಪಕ್ಕ ಬೆರಳೊತ್ತಿದರು. "ಕಾಸ್ಟೋಕಾಂಡ್ರೈಟಿಸ್," ಎಂದರು.

ಮುರುಗೇಶಪ್ಪನವರ ಮುಖ ಇಳಿಯಿತು. ನೆಗಡಿ, ಕೆಮ್ಮು, ಜ್ವರ: ಬಂದು ಹೋಗುವ ಕಾಯಿಲೆಗಳಿಗೆಲ್ಲ ಗಿಡ್ಡ ಹೆಸರು. ಇಷ್ಟು ಉದ್ದ ಹೆಸರಿನದು ಬಿಟ್ಟು ಹೋಗುವುದುಂಟೇ?

"ಎಷ್ಟು ದಿನ ಅಂತ ಹೇಳಿಬಿಡಿ ಮೇಡಂ."

ವಿದ್ಯಾಶ್ರೀ ನಕ್ಕರು. "ಹೆಸರು ಉದ್ದ, ಕಾಯಿಲೆ ಚಿಕ್ಕದು. ಬಿಡಿಸಿ ನೋಡೋಣ. ಕಾಸ್ಟಾ ಅಂದ್ರೆ ಲ್ಯಾಟಿನ್ನಲ್ಲಿ ಪಕ್ಕೆಲುಬು. ಕಾಂಡ್ರೋಸ್ ಅಂದ್ರೆ ಗ್ರೀಕಲ್ಲಿ ಮೆದು ಎಲುಬು, ನಿಮ್ಮ ಕಿವಿಯಲ್ಲಿದೆಯಲ್ಲ, ಅಂಥದ್ದು. ಐಟಿಸ್ ಅಂದ್ರೆ ಊತ, ಉರಿ. ಹೃದಯ ಚೆನ್ನಾಗಿದೆ. ಕೆಲವು ವಾರ ಕೂಗಬೇಡಿ, ಅಷ್ಟೆ."

ಸಾಯಲು ಸಿದ್ಧರಾಗಿದ್ದವರು ಆ 'ಅಷ್ಟೆ'ಗೆ ಕುಸಿದರು. "ಭಾನುವಾರ ಒಡಪಿದೆ ಕಣಮ್ಮಾ! ದೊಡ್ಡಪ್ಪನ ಕೂಗಿಲ್ಲದೆ ಗುಗ್ಗಳ ಏಳಬಾರದು ಅಂತ ಹುಡುಗಿ ಹಟ ಹಿಡಿದಿದಾಳೆ."

"ಮೆಲ್ಲಗೆ ಹೇಳಿ. ಕೂಗು ಮಾತ್ರ ಬೇಡ."

ವಾಪಸು ಬಸ್ಸಿನಲ್ಲಿ ಅವರು ತೊಡೆ ತಟ್ಟುತ್ತ ಗೊಣಗುತ್ತಿದ್ದರು. "ಕಾಸ್ಟೋ... ಕಾಂ... ಡ್ರೈ... ಟಿಸ್."

"'ಡ್ರೈ' ಮೇಲೆ ಒತ್ತಿ ಹೇಳ್ರೀ. ಡಾಕ್ಟ್ರು ಹಾಗೇ ಅಂದದ್ದು," ಎಂದರು ಜಯಶೀಲಾ. ಭದ್ರಾವತಿ ಮುಟ್ಟುವ ಹೊತ್ತಿಗೆ ಆ ಪದಕ್ಕೊಂದು ತಾಳ ಕೂಡಿಬಂದಿತ್ತು.

ಭಾನುವಾರ ನೆಂಟರೆಲ್ಲ ಸಾವಿನ ಮನೆಗೆ ಬಂದವರಂತೆ ಅವರನ್ನು ಸುತ್ತಿದರು. "ಹಾರ್ಟಲ್ಲಿ ಮೂರು ಬ್ಲಾಕಂತೆ?" ಎಂದ ಷಡ್ಡಕ ಶಿವಮೂರ್ತಪ್ಪ.

ಮುರುಗೇಶಪ್ಪನವರು ಕುರ್ಚಿಯಲ್ಲಿ ಕೂತೇ ಕತ್ತಿ ಎತ್ತಿ, ಸಣ್ಣ ದನಿಯಲ್ಲಿ ಶುರುಮಾಡಿದರು:

"ಕಾಸ್ಟೋ ಎಂದರೆ ಪಕ್ಕೆಯ ಎಲುಬು, ಕಾಂಡ್ರೋ ಎಂದರೆ ಮೆತ್ತನೆ ಎಲುಬು, ಐಟಿಸ್ ಎಂದರೆ ಎಲುಬಿನ ಮುನಿಸು! ದಕ್ಷನ ಸೊಕ್ಕು ಇಳಿಸಿದ ವೀರ, ಈ ಮುನಿಸನ್ನೂ ಇಳಿಸಿಬಿಡು!"

ಚಪ್ಪರವೆಲ್ಲ ನಗೆ. ಅದೇ ಸಣ್ಣ ದನಿಯಲ್ಲಿ ನಿಜವಾದ ಒಡಪು ಹೊರಟಾಗ ಜನ ಕತ್ತು ಚಾಚಿ ಕೇಳಿದರು. ಅಬ್ಬರದಲ್ಲಿ ಇಷ್ಟು ವರ್ಷ ಕೇಳಿಸದಿದ್ದ ಮಾತುಗಳೆಲ್ಲ ಅಂದು ಕೇಳಿಸಿದವು.

ಕಥೆ ಮುಗಿಯಿತು. ಸಮಾಳದವನು ಕೋಲೆತ್ತಿ ಕಾದ. ಗುಗ್ಗಳದ ಕೊಡ ಹಿಡಿದ ಸುಮನಾ ದೊಡ್ಡಪ್ಪನನ್ನೇ ನೋಡಿದಳು. ಮುರುಗೇಶಪ್ಪನವರು ಉಸಿರೆಳೆದರು. ನೋವು ಚುಚ್ಚಿತು. ಬಾಯಿ ತೆರೆದೇ ಉಳಿಯಿತು.

"ಅಹಹಾ ರುದ್ರಾ! ಅಹಹಾ ದೇವಾ!"

ಹೆಂಗಸರ ನಡುವಿನಿಂದ ಜಯಶೀಲಾ ಕೂಗಿದ್ದರು. ಸಮಾಳ ಗುಡುಗಿತು, ಗುಗ್ಗಳ ಎದ್ದಿತು.

"ಎಲ್ಲಿತ್ತೇ ಈ ಗಂಟಲು, ಮಾರಾಯ್ತಿ?"

"ಇಲ್ಲೇ ಇತ್ತು. ನಿಮ್ಮ ಗಂಟಲು ಜಾಗ ಬಿಟ್ಟರೆ ತಾನೇ ಹೊರಗೆ ಬರೋದು?" ಎಂದು ಅವರು ಸೆರಗು ಸಿಕ್ಕಿಸಿ ಮೆರವಣಿಗೆಯ ಮುಂದೆ ನಡೆದರು.