ಮೀಸಲು ಟಗರು

ನಮ್ಮ ಮನೆಯ ಕುರಿಗಳು ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತಾ ಹೋದದ್ದಕ್ಕೆ ನಾನೇ ಕಾರಣ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೈಸ್ಕೂಲಿನಲ್ಲಿ ಎಷ್ಟೋ ವರ್ಷ ಜೀವವಿಕಾಸದ ಪಾಠ ಮಾಡಿದವನು ನಾನು. ಬೋರ್ಡಿನ ತುಂಬ ಜಿರಾಫೆಯ ಕತ್ತು ಬರೆದು, ಹುಡುಗರ ಕಿವಿ ಹಿಂಡಿ, ಉತ್ತರ ಬಾಯಿಪಾಠ ಮಾಡಿಸಿದ್ದೇನೆ. ನಾನು ಜಿರಾಫೆಯನ್ನು ಕಣ್ಣಾರೆ ಕಂಡವನಲ್ಲ. ನನಗೆ ಆ ಪಾಠ ತಲೆಗೆ ಹೋದದ್ದು ನಮ್ಮ ದೊಡ್ಡಿಯ ಕುರಿಗಳಿಂದ.

ಕಾಮಗೆರೆ ದಾಟಿ ಹನೂರಿನ ಕಡೆಗೆ ಹೋಗುವಾಗ ಕಾಡಿನ ಅಂಚಿಗೆ ನಮ್ಮ ಊರು. ರಾಗಿ, ಹುರುಳಿ ಬೆಳೆಯುವ ಮನೆ, ಜೊತೆಗೆ ಒಂದು ಸಣ್ಣ ಕುರಿಮಂದೆ. ಮನೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಅಪ್ಪ ದೊಡ್ಡಿಗೆ ಹೋಗಿ, ಗಂಡುಮರಿಗಳಲ್ಲೆಲ್ಲ ಎತ್ತರವಾದ, ಎದೆ ಅಗಲವಾದ ಮರಿಯನ್ನು ಹಿಡಿದು, ಅದರ ಕಿವಿ ಚೂರು ಸೀಳಿ ಮಾರಮ್ಮನಿಗೆ ಬಿಡುತ್ತಿದ್ದ. ಅದನ್ನು ಮೀಸಲು ಮರಿ ಅನ್ನುತ್ತಿದ್ದೆವು. ಅದನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ. ಹೆಣ್ಣು ಕುರಿಯನ್ನು ಅದು ಕೂಡಿದರೆ ಮೈಲಿಗೆ, ಆಮೇಲೆ ಅಮ್ಮನಿಗೆ ಸಲ್ಲದು. ಹಾಗಾಗಿ ಅದರ ಹೊಟ್ಟೆಯ ಕೆಳಗೆ ಗೋಣಿಯ ತುಂಡೊಂದನ್ನು ಅಡ್ಡ ಕಟ್ಟುತ್ತಿದ್ದೆವು. ಹೀಗೆ ಬ್ರಹ್ಮಚಾರಿಯಾಗಿ ಮೈತುಂಬಿಕೊಂಡ ಟಗರು ಹಬ್ಬದ ದಿನ ತಲೆ ಕೊಡುತ್ತಿತ್ತು. ದೊಡ್ಡಿಯಲ್ಲಿ ಸಂಸಾರ ನಡೆಸುತ್ತಿದ್ದವು ಹರಕೆಗೂ ಬೇಡವಾದ, ಸಂತೆಗೂ ಬೇಡವಾದ ಬಡಕಲು ಟಗರುಗಳು.

ನಾಲ್ಕು ಮಕ್ಕಳಲ್ಲಿ ಉಳಿದವನು ನಾನೊಬ್ಬ. ಕೊಳ್ಳೇಗಾಲ ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ವರ್ಷ ನನಗೆ ಇಪ್ಪತ್ತು ದಿನ ಬಿಡದ ಜ್ವರ ಬಂತು, ಒಂದು ಟಗರು ಹೋಯಿತು. ಎಸ್ಸೆಸ್ಸೆಲ್ಸಿ ಪಾಸಾಗಲಿ ಅಂತ ಒಂದು. ಮೈಸೂರಿನ ಹಾಸ್ಟೆಲಿನಲ್ಲಿ ಸುಖವಾಗಿರಲಿ ಅಂತ ಒಂದು. ಬಾವಿಕಟ್ಟೆಯಿಂದ ಜಾರಿ ಕಾಲು ಉಳುಕಿಸಿಕೊಂಡದ್ದಕ್ಕೂ ಒಂದು! ಊರಿನವರು ನನ್ನನ್ನು ಕಂಡರೆ, "ಏನ್ಲಾ, ಉಸಾರಾಗಿದ್ದೀಯ ತಾನೆ? ನಿಮ್ಮಪ್ಪನ ಕುರಿಗೆ ಆಯಸ್ಸು ಬಂತು ಬುಡು" ಅಂತ ರೇಗಿಸುತ್ತಿದ್ದರು.

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಮೇಷ್ಟರೊಬ್ಬರು ಒಂದು ಮಧ್ಯಾಹ್ನ ಇದನ್ನೇ ಪಾಠ ಮಾಡಿದರು. ಒಂದೇ ತಾಯಿಯ ಮರಿಗಳು ಒಂದೇ ಥರ ಇರುವುದಿಲ್ಲ. ಇರುವ ವ್ಯತ್ಯಾಸ ಮರಿಯ ಮರಿಗೂ ಇಳಿಯುತ್ತದೆ. ಚಳಿ, ಹಸಿವು, ರೋಗ, ಚಿರತೆ ಇವನ್ನೆಲ್ಲ ತಪ್ಪಿಸಿಕೊಂಡು ಯಾವುದು ಮರಿ ಹಾಕುತ್ತದೋ ಅದರ ಗುಣ ಹಿಂಡಿನಲ್ಲಿ ಹೆಚ್ಚುತ್ತದೆ. ಮರಿ ಬಿಡದೆ ಸತ್ತದ್ದು ಎಷ್ಟೇ ಚೆಂದವಾಗಿದ್ದರೂ ಅದರ ಗುಣ ಅದರೊಂದಿಗೇ ಮಣ್ಣು. ಕಾಡಿನಲ್ಲಿ ಯಾರೂ ಕೂತು ಆರಿಸುವುದಿಲ್ಲ, ಆದರೂ ಆಯ್ಕೆ ನಡೆಯುತ್ತಲೇ ಇರುತ್ತದೆ. ಮನುಷ್ಯ ಬೇಕೆಂದು ಆರಿಸಿದರೆ ನಾಲ್ಕಾರು ತಲೆಮಾರಿಗೇ ವ್ಯತ್ಯಾಸ ಕಾಣುತ್ತದೆ.

ಪಕ್ಕದವನು ಬರೆದುಕೊಳ್ಳುತ್ತಿದ್ದ. ನನ್ನ ಕೈ ನಿಂತುಹೋಗಿತ್ತು. ಕಣ್ಣ ಮುಂದೆ ನಮ್ಮ ದೊಡ್ಡಿ. ತಾತನ ಕಾಲದ ಟಗರು ಅಪ್ಪನ ಸೊಂಟದವರೆಗೆ ಬರುತ್ತಿತ್ತು, ಈಗಿನವು ಮೊಣಕಾಲು ದಾಟಿದರೆ ಹೆಚ್ಚು. ಕಾಡಿನ ಇಲಾಖೆಯವರು ಮೇಯಲು ಬಿಡುತ್ತಿಲ್ಲ, ಮೇವು ಸಾಲದು ಅಂತ ಅಪ್ಪ ಹೇಳುತ್ತಿದ್ದ. ಆದರೆ ಅದೇ ಗುಡ್ಡದಲ್ಲಿ ಮೇಯುತ್ತಿದ್ದ ಪಕ್ಕದ ಮನೆಯ ಕುರಿಗಳು ಹಾಗೇ ಇದ್ದವು. ಅವರ ಮನೆಯ ಹರಕೆ ಕೋಳಿಯದು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ವಿದ್ಯೆಯೂ ಹಾಗೇ ಆಯಿತು. ರಜೆಗೆ ಬಂದಾಗಲೆಲ್ಲ ಅಪ್ಪನ ಹಿಂದೆ ಬಿದ್ದು ಪಾಠ ಹೇಳಿದೆ. ಅವನು ಬೀಡಿ ಸೇದುತ್ತಾ ಕೇಳಿ, "ಅಂಗಾ?" ಅನ್ನುತ್ತಿದ್ದ, ಅಷ್ಟೇ. ಹನೂರಿನಲ್ಲಿ ನನಗೆ ಮೇಷ್ಟರ ಕೆಲಸ ಸಿಕ್ಕಿದಾಗ ಇನ್ನೊಂದು ಟಗರು ಬಿಟ್ಟ. ಕಲ್ಲಿಗೆ ಹೇಳಿದ್ದರೆ ಕಲ್ಲಾದರೂ ಕರಗುತ್ತಿತ್ತು ಅಂತ ನನಗೆ ಮೈಯೆಲ್ಲ ಉರಿಯಿತು. ಅಪ್ಪನಿಗೆ ತಿಳಿವಳಿಕೆ ಸಾಲದು ಎಂದೇ ನಾನು ತೀರ್ಮಾನ ಮಾಡಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗ ಹಾಗೇ ಅನ್ನಿಸಿತ್ತು.

ಎಪ್ಪತ್ತರ ಆಚೀಚೆಗೆ, ಆ ಕುಳ್ಳು ಮಂದೆಯಲ್ಲಿ ಒಂದು ಗಂಡುಮರಿ ಹುಟ್ಟಿತು. ಎಲ್ಲಿ ಅಡಗಿ ಕೂತಿತ್ತೋ ಹಳೆಯ ರಕ್ತ, ವರ್ಷ ತುಂಬುವಷ್ಟರಲ್ಲಿ ತಾತನ ಕಾಲದ ಎತ್ತರಕ್ಕೆ ಬೆಳೆದು ನಿಂತಿತು. ಆಗ ನನ್ನ ಹೆಂಡತಿ ಎರಡನೇ ಸಲ ಬಸುರಿ. ಮೊದಲನೆಯ ಕೂಸು ಹುಟ್ಟುವಾಗಲೇ ಹೋಗಿತ್ತು. ಅಪ್ಪ ಟಗರಿನ ಕಿವಿ ಸೀಳಲು ಹೊರಟಾಗ ನಾನು ಅಡ್ಡ ನಿಂತೆ.

"ಇದೊಂದು ಉಳಿದರೆ ಮಂದೆ ಉಳೀತದೆ ಕಣಪ್ಪ. ಈ ಮುಂಗಾರಿಗೆ ಕುರಿಗಳು ಬೆದೆಗೆ ಬಂದಾಗ ಬುಡಾನ. ಆಮೇಲೆ ಬೇಕಾದ್ರೆ ಅಮ್ಮಂಗೆ ಕೊಡು."

"ಅಮ್ಮಂಗೆ ಎಂಜಲು ಕೊಡಕಾಯ್ತದೇನ್ಲಾ?" ಅಂದ ಅಪ್ಪ.

"ಅಂಗಾದ್ರೆ ಹರಕೆನೇ ಬೇಡ. ಹೆರಿಗೆಗೆ ಆಸ್ಪತ್ರೆ ಅದೆ."

ಅಪ್ಪ ಕುಡುಗೋಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ. "ನಿನ್ನ ಎಂಡ್ತಿ, ನಿನ್ನ ಕೂಸು. ನೀನು ಬ್ಯಾಡ ಅಂದ್ರೆ ಬ್ಯಾಡ" ಅಂದು ಟಗರನ್ನು ಕುರಿಗಳ ನಡುವೆ ಬಿಟ್ಟ. ಆ ವಾರವೆಲ್ಲ ಕ್ಲಾಸಿನಲ್ಲಿ ನನ್ನ ಗಂಟಲು ಬಹಳ ಜೋರಾಗಿತ್ತು.

ಮಳೆ ಇನ್ನೂ ಬಿದ್ದಿರಲಿಲ್ಲ, ಕುರಿಗಳು ಬೆದೆಗೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ಹೆಂಡತಿಗೆ ನೋವು ಬಂತು. ಗಾಡಿ ಕಟ್ಟಿಕೊಂಡು ಕಾಮಗೆರೆಯ ಆಸ್ಪತ್ರೆಗೆ ಹೋದೆವು. ಮಧ್ಯಾಹ್ನವಾದರೂ ಕೂಸು ಬರಲಿಲ್ಲ. ಅಡ್ಡ ತಿರುಗಿದೆ, ಆಪರೇಷನ್ ಮಾಡಬೇಕು, ಸಹಿ ಹಾಕಿ ಅಂದರು. ಹಾಕಿದೆ. ಒಳಗಿಂದ ಅವಳ ಕೂಗು ಕೇಳುತ್ತಿತ್ತು, ಆಮೇಲೆ ಅದೂ ನಿಂತಿತು. ಜಗಲಿಯ ಮೇಲೆ ಕೂತ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಬೇಡ ಅಂದವನು ನಾನು. ಜೊತೆಗೆ ಬಂದಿದ್ದ ಅತ್ತೆಯನ್ನು ಅಲ್ಲೇ ಕೂರಿಸಿ ಎದ್ದೆ. ಎರಡು ಮೈಲಿಯನ್ನು ನಡೆದೆನೋ ಓಡಿದೆನೋ ತಿಳಿಯದು. ಅಪ್ಪ ಗುಡ್ಡದ ಬುಡದಲ್ಲಿ ಕುರಿಗಳನ್ನು ನೆರಳಿಗೆ ಕೂಡಿಸಿಕೊಂಡು ನಿಂತಿದ್ದ.

"ಅಪ್ಪ, ಅದ್ನ ಅಮ್ಮಂಗೆ ಬುಟ್ಬುಡಪ್ಪ. ಈಗ್ಲೇ ಬುಡು" ಅಂದೆ. ಅಳು ಬಂದುಬಿಟ್ಟಿತ್ತು.

ಅಪ್ಪ ನಗಲಿಲ್ಲ, ಹಂಗಿಸಲೂ ಇಲ್ಲ. ಟಗರನ್ನು ಕೊಂಬು ಹಿಡಿದು ಎಳೆದು ತಂದು, ಅದರ ಬೆನ್ನ ಮೇಲೆ ಕೈಯಿಟ್ಟುಕೊಂಡು ಹೇಳಿದ: "ನೂಲಿನಂಗೆ ಸೀರೆ, ತಾಯಿಯಂಗೆ ಮಗಳು ಅಂತ ನಮ್ಮವ್ವನೇ ಯೋಳ್ತಿದ್ಲು. ಟಗರಿನಂಗೆ ಮರಿ ಅಂತ ಕುರಿ ಕಾಯೋನಿಗೆ ನೀನು ಮೈಸೂರಿಂದ ಬಂದು ಯೋಳ್ಕೊಡ್ಬೇಕಿತ್ತಾ ಮಗ? ಒಂದೊಂದ್ನ ಬುಟ್ಟಾಗ್ಲೂ ಮಂದೆ ಕೆಡ್ತದೆ ಅಂತ ನಂಗೆ ಗೊತ್ತಿತ್ತು. ನೀನು ಜ್ವರ ಬಂದು ಬಾಯಿ ಬುಟ್ಕಂಡು ಬಿದ್ದಿದ್ದಾಗ, ಒಂದು ಬಡಕಲು ಮರಿ ತೋರ್ಸಿ, ಇದ್ನ ತಕಂಡು ನನ್ನ ಮಗನ್ನ ಬುಡು ಅಂತ ಎಂಗ್ಲಾ ಕೇಳ್ಲಿ?"

ನಾನು ಬಗ್ಗಿ ಟಗರಿನ ತಲೆಯನ್ನು ಹಿಡಿದುಕೊಂಡೆ. ಇಷ್ಟು ವರ್ಷ ನಾನು ಪಾಠ ಹೇಳಿದ್ದು ಇವನಿಗೆ. ಅಪ್ಪ ಸೊಂಟದಿಂದ ಕುಡುಗೋಲು ತೆಗೆದು ಕಿವಿ ಸೀಳಿದ.

ಮಗಳು ಉಳಿದಳು, ಅವಳ ತಾಯಿಯೂ ಉಳಿದಳು. ಉಳಿಸಿದ್ದು ಡಾಕ್ಟರ ಕೈ. ನಾನು ಗುಡ್ಡ ತಲುಪುವ ಮೊದಲೇ ಮಗು ಹುಟ್ಟಿತ್ತೆಂದು ಅತ್ತೆ ಆಮೇಲೆ ಹೇಳಿದರು. ಅಂದರೆ ಕಿವಿ ಸೀಳುವ ಹೊತ್ತಿಗೆ ಹರಕೆಯ ಅಗತ್ಯವೇ ಇರಲಿಲ್ಲ. ಇದನ್ನು ಅಪ್ಪನಿಗೆ ಹೇಳಿದೆ. "ಆಡಿದ ಮಾತು ಆಡಿದ್ದೇ ಕಣ್ಲಾ" ಅಂದ. ಆ ಮುಂಗಾರಿಗೆ ಕುರಿಗಳು ಬೆದೆಗೆ ಬಂದಾಗ ಆ ಟಗರು ಬೇರೆ ಗೂಟದಲ್ಲಿ ಕಟ್ಟಿಸಿಕೊಂಡು ಒದರುತ್ತಿತ್ತು. ಅಂಥದು ನಮ್ಮ ದೊಡ್ಡಿಯಲ್ಲಿ ಮತ್ತೆ ಹುಟ್ಟಲಿಲ್ಲ.

ಹಬ್ಬದ ದಿನ ಊಟಕ್ಕೆ ಕೂತಾಗ ಮಗಳು ನನ್ನ ತೊಡೆಯ ಮೇಲಿದ್ದಳು. ಅಪ್ಪ ಮೊದಲ ತುಂಡನ್ನು ತಂದು ನನ್ನ ಎಲೆಗೇ ಹಾಕಿ, ಎದುರಿಗೆ ನಿಂತ. ಹರಕೆ ಹೊತ್ತವನು ತಿನ್ನದೆ ಉಳಿದವರು ಕೈ ಹಾಕುವಂತಿಲ್ಲ. ನಾನು ತಿಂದೆ.